ಹಲ್

ಊರಿನ ಹೆಸರು ಹಲ್ ಅಂದೆ.
ಅವ್ವ ಫೋನಿನಲ್ಲೇ ಗಾಬರಿಯಾಗಿ, "ಹಲ್ಲಿಗೇನಾತು?" ಅಂದಳು.
ಏನೂ ಆಗಿಲ್ಲವ್ವ, ಗಟ್ಟಿಯಾಗಿವೆ.
ಇಲ್ಲಿ ಟೆಲಿಫೋನ್ ಪೆಟ್ಟಿಗೆಗೂ ಕೆನೆಯ ಬಣ್ಣ.
ಹಂಬರ್ ನದಿ ಮಾತ್ರ ಕೆಸರು ಕಲಸಿದ ಹಾಗೆ, ಕಂದು.
ಅದನ್ನು ಯಾರೂ ಎಲ್ಲಿಯವಳೇ ಎಂದು ಕೇಳುವುದಿಲ್ಲ.

ನಮ್ಮ ಕಡೆ "ಯಾವೂರು?" ಅನ್ನುವುದು
ಬಸ್ಸಿನಲ್ಲಿ ತುಸು ಸರಿದು ಜಾಗ ಕೊಟ್ಟವರ ಮಾತು.
ಊರು ಹೇಳಿದರೆ ಸಾಕು,
ಅಲ್ಲೊಬ್ಬ ಬೀಗರು, ಎಂದೋ ಉಂಡ ಜವಳದ ಊಟ,
ಏನಾದರೂ ಒಂದು ಎಳೆ ಸಿಕ್ಕೇ ಸಿಗುತ್ತದೆ.
ಇಲ್ಲಿಯೂ ಕೇಳುತ್ತಾರೆ.
ಬೆವರ್ಲಿ ರೋಡ್, ಎನ್ನುತ್ತೇನೆ.
"ಅಲ್ಲ, ನಿಜವಾಗಿ?"
ಆ ನಿಜವಾಗಿಯೊಳಗೆ ಎಳೆ ಇಲ್ಲ,
ಕತ್ತರಿ ಇದೆ.

ಭಾಗೀರಥಿ ಎನ್ನಲು ಎದೆಯಿಂದ ಉಸಿರು ಬೇಕು.
ಅಷ್ಟು ಉಸಿರನ್ನು ಪ್ರೊಫೆಸರರು ನನಗಾಗಿ ಖರ್ಚು ಮಾಡಲಾರರು.
ಬ್ಯಾಗಿ, ಎಂದರು ಮೊದಲ ದಿನ.
ನಾನೂ ಹಲ್ಲು ಕಿರಿದು, ಆಗಬಹುದು ಸರ್, ಎಂದೆ.
ಇವತ್ತಿಗೂ ಹಾಜರಿಯಲ್ಲಿ ನಾನೊಂದು ಸಡಿಲ ಪ್ಯಾಂಟು.

ಗುಂಪು ಮಾಡಿಕೊಳ್ಳಿ ಎಂದಾಗ
ಕುರ್ಚಿಗಳು ಕಿರ್ರೆಂದು ಬೆನ್ನು ತಿರುಗಿಸಿದವು.
ಉಳಿದದ್ದು ಮೂವರು:
ನಾನು, ಚೆಂಗ್ಡುವಿನ ರುವೊಶಿ, ಎನುಗುವಿನ ಇಫೆಯೋಮಾ.
"ನಾವು ಕೂತರೆ ವಿಶ್ವಸಂಸ್ಥೆ,
ಎದ್ದರೆ ವೀಸಾ ಕ್ಯೂ," ಎಂದಳು ಇಫೆಯೋಮಾ.
ಎಷ್ಟು ನಕ್ಕೆವೆಂದರೆ
ಲೈಬ್ರರಿಯಿಂದ ಹೊರಗೆ ಕಳಿಸಿದರು.

ನವೆಂಬರದ ಒಂದು ರಾತ್ರಿ ಬಸ್ಸಿನ ಹಿಂದಿನ ಸೀಟಿನಿಂದ
ಯಾವನೋ, "ಮನೆಗೆ ಹೋಗು" ಎಂದು ಕೂಗಿದ.
ಹೋಗುತ್ತಿದ್ದದ್ದೇ ಮನೆಗೆ.
ಇನ್ನು ಎರಡು ಸ್ಟಾಪು.
ಹಲ್ಲು ಕಚ್ಚಿ ಕೂತೆ.
ತುಂಬಿದ ಬಸ್ಸು; ಎಲ್ಲರಿಗೂ ಒಮ್ಮೆಲೇ
ಕಿಟಕಿಯಾಚೆ ಏನೋ ಕಾಣಿಸಿತು.

ಅದನ್ನೂ ನುಂಗಿಕೊಂಡಿದ್ದೆ.
ಆದರೆ ಸೋಮವಾರ ಕ್ಯಾಂಟೀನಿನಲ್ಲಿ ಒಬ್ಬಳು
ಹಿಂದಿನಿಂದ ಬಂದು, ಕೇಳದೆ,
ಇಫೆಯೋಮಾಳ ಕೂದಲೊಳಗೆ ಐದೂ ಬೆರಳು ತೂರಿಸಿ
"ಅಯ್ಯೋ, ಹತ್ತಿ!" ಎಂದಳು.
ಇಫೆಯೋಮಾ ಚಮಚ ಕೆಳಗಿಟ್ಟಳು. ಅಷ್ಟೇ.
ನನಗೆ ಮೈ ಉರಿಯಿತು.
ಅಂದೇ ರಾತ್ರಿ ವಿಶ್ವವಿದ್ಯಾಲಯದ ದೂರಿನ ಫಾರಂ ತೆರೆದೆ.

ಸ್ಥಳ. ಸಮಯ. ನೀವು ಬಲಿಪಶುವೋ ಸಾಕ್ಷಿಯೋ?
ಸಾಕ್ಷಿ, ಎಂದು ಒತ್ತಿದೆ.
ಇಂಥದ್ದನ್ನು ಈ ಮೊದಲು ಕಂಡಿದ್ದೀರಾ?
ಹೌದು.
ಎಲ್ಲಿ?

ಹಳಿಯಾಳ. ಎಂಟನೆಯ ಇಯತ್ತೆ, ಬಿ ವಿಭಾಗ.
ಜುಲಿಯಾನಾ ಸಿದ್ದಿ. ಮೂರನೇ ಬೆಂಚು.
ನನಗಿಂತ ಚಂದ ಕನ್ನಡ ಓದುವವಳು,
ಹಳಗನ್ನಡದ ಪದ್ಯ ಬಂದರೆ ಅವಳೇ ನಿಲ್ಲಬೇಕು.
ಭೂಪಟದಲ್ಲಿ ನಿನ್ನ ಊರು ತೋರಿಸು ಎಂದರು ಮೇಷ್ಟ್ರು.
ಅವಳು ಹಳಿಯಾಳ ಇರಬೇಕಾದಲ್ಲಿ ಬೆರಳಿಟ್ಟಳು.
"ಅಲ್ಲ, ನಿಜವಾಗಿ," ಎಂದು
ಅವರು ಆ ಬೆರಳು ಹಿಡಿದು
ಸಮುದ್ರ ದಾಟಿಸಿ
ಇನ್ನೊಂದು ಖಂಡದ ಮೇಲೆ ಇಟ್ಟರು.
ಕ್ಲಾಸಿಗೆ ಕ್ಲಾಸೇ ಹಲ್ಲು ಬಿಟ್ಟಿತು.
ನನ್ನ ಮೂವತ್ತೆರಡೂ ಅದರಲ್ಲಿದ್ದವು.

ಮಧ್ಯಾಹ್ನ ಯಾರೋ ಪಂಥ ಕಟ್ಟಿದರು,
ಅವಳ ಕೂದಲಿಗೆ ಪೆನ್ಸಿಲ್ ಸಿಕ್ಕಿಸಿದರೆ ಬೀಳುವುದಿಲ್ಲವಂತೆ.
ಬೀಳಲಿಲ್ಲ.
ವಿಜ್ಞಾನದ ಪೀರಿಯಡ್ಡು, ಗಣಿತದ ಪೀರಿಯಡ್ಡು,
ಅವಳು ಕತ್ತು ಅಲ್ಲಾಡಿಸದೆ ನೋಟ್ಸ್ ಬರೆದಳು.

ಕರ್ಸರು ಕಣ್ಣು ಮಿಟುಕಿಸುತ್ತ ಕಾಯುತ್ತಿದೆ.
ಸಾಕ್ಷಿ ಎಂದು ಒತ್ತಿದ್ದೆನಲ್ಲ,
ಬದಲಿಸಲು ಮೂರನೆಯ ಆಯ್ಕೆ ಫಾರಮ್ಮಿನಲ್ಲಿಲ್ಲ.

ಸಂಜೆ ಗಂಟೆ ಹೊಡೆದ ಮೇಲೆ ಜುಲಿಯಾನಾ
ಪೆನ್ಸಿಲನ್ನು ಮೆಲ್ಲಗೆ ಬಿಡಿಸಿಕೊಂಡು,
ಮೊನೆ ಮುರಿದಿಲ್ಲವಷ್ಟೇ ಎಂದು ನೋಡಿ,
ನನ್ನ ಬೆಂಚಿನ ಹತ್ತಿರ ಬಂದು
"ತಗೋ," ಎಂದಳು,
"ನಿಂದು."